ಅಕ್ಕಿಮುಡಿಯನ್ನು ಗೋಡೆಗೆ ತರುವುದು ಹೇಗೆ? ಬೈಹುಲ್ಲಿನ ಕಸುಬಿನ ಫೈನ್ ಆರ್ಟ್ ಪ್ರಿಂಟ್‌ಗೆ ಸಮಗ್ರ ಮಾರ್ಗದರ್ಶಿ

ಅಕ್ಕಿಮುಡಿ ಅಂದರೆ ಬೈಹುಲ್ಲಿನಲ್ಲಿ ದುಂಡಗೆ ಕಟ್ಟಿದ ಅಕ್ಕಿಯ ಮೂಟೆ. ನನ್ನ ಮೊದಲ ಅಕ್ಕಿಮುಡಿ ಪ್ರಿಂಟ್ ನೋಡಿದ ಅತ್ತೆ, 'ಹಲಸಿನಹಣ್ಣು ಚೆನ್ನಾಗಿ ಬಂದಿದೆ' ಅಂದರು. ಅವರ ತಪ್ಪಲ್ಲ. ನಗರದ ಒಂದು ಲ್ಯಾಬಿನಲ್ಲಿ ಎ2 ಅಳತೆಗೆ ಹಾಕಿಸಿದ್ದೆ. ಹುಲ್ಲಿನ ಎಳೆಗಳೆಲ್ಲ ಕಲಸಿಹೋಗಿದ್ದವು. ಬಣ್ಣ ನಿಂಬೆಹಣ್ಣಿನ ಹಳದಿ, ನೆರಳಿನಲ್ಲಿ ಸ್ವಲ್ಪ ಹಸಿರು. ಲ್ಯಾಬಿನವರನ್ನು ಬೈದುಕೊಂಡು ಬಂದೆ. ಆಮೇಲೆ ಗೊತ್ತಾಯಿತು, ಮುಕ್ಕಾಲು ಪಾಲು ತಪ್ಪು ನನ್ನದೇ.

ಬೈಹುಲ್ಲಿನ ಚಂದ ಇರುವುದು ಹಳದಿಯಲ್ಲಿ ಅಲ್ಲ, ಹೊಳಪಿನಲ್ಲಿ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಜಾಸ್ತಿ, ಮೇಲೆ ಮೇಣದಂಥ ತೆಳು ಪದರ ಬೇರೆ. ಅದಕ್ಕೇ ಹೊಸ ಹುಲ್ಲು ರೇಷ್ಮೆಯ ಹಾಗೆ ಮಿಂಚುತ್ತದೆ. ಆ ಮಿಂಚು ಬೆಳಕಿನಲ್ಲಿ ಹೋಗಬಹುದು, ಕ್ಯಾಮೆರಾದಲ್ಲಿ ಹೋಗಬಹುದು, ಕಂಪ್ಯೂಟರಿನಲ್ಲಿ ಹೋಗಬಹುದು, ಕೊನೆಗೆ ಕಾಗದದಲ್ಲೂ ಹೋಗಬಹುದು. ಎಲ್ಲೆಲ್ಲಿ ಹೋಗುತ್ತದೆ, ಉಳಿಸಿಕೊಳ್ಳುವುದು ಹೇಗೆ ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ. ನನ್ನ ಉದಾಹರಣೆ ಕರಾವಳಿಯ ಅಕ್ಕಿಮುಡಿ. ಮಲೆನಾಡಿನ ಭತ್ತದ ತೋರಣ, ಕೊಡ ಇಡುವ ಸಿಂಬೆ, ಹುಲ್ಲಿನ ಹಗ್ಗ ಯಾವುದಕ್ಕಾದರೂ ಇದೇ ಕ್ರಮ ಸಾಕು.

ಹಂತ 1: ಕ್ಯಾಮೆರಾ ತೆಗೆಯುವ ಮೊದಲು ಮುಡಿ ನೋಡಿ

ಉಡುಪಿ, ದಕ್ಷಿಣ ಕನ್ನಡದ ಕಡೆ ಅಕ್ಕಿ ಕಟ್ಟಿಡುತ್ತಿದ್ದುದು ಗೋಣಿಯಲ್ಲಿ ಅಲ್ಲ, ಹುಲ್ಲಿನ ಮುಡಿಯಲ್ಲಿ. ಹಳೆಯ ಲೆಕ್ಕದಲ್ಲಿ 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಅಂದರೆ 42 ಸೇರು. ಒಕ್ಕಲು ಗೇಣಿ ಅಳೆದು ಕೊಡುತ್ತಿದ್ದುದು ಮುಡಿ ಲೆಕ್ಕದಲ್ಲಿ, ಗದ್ದೆಯ ಅಳತೆ ಹೇಳುತ್ತಿದ್ದುದೂ ಮುಡಿ ಲೆಕ್ಕದಲ್ಲಿ. 1974ರ ಭೂಸುಧಾರಣೆಯ ನಂತರ ಗೇಣಿ ಹೋಯಿತು, ಮುಡಿಯ ಕೆಲಸವೂ ಕಡಿಮೆಯಾಗುತ್ತ ಬಂತು. ಈಗ ಹೊಸ ಮುಡಿಗಳನ್ನು ಸಾಲಾಗಿ ನೋಡಬೇಕಾದರೆ ಉಡುಪಿ ಪರ್ಯಾಯದ ಸಮಯ ಒಳ್ಳೆಯದು. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಬರುವ ಪರ್ಯಾಯಕ್ಕೆ ಮೊದಲು ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಅಂತ ನಾಲ್ಕು ಮುಹೂರ್ತಗಳಿವೆ. ಅಕ್ಕಿ ಮುಹೂರ್ತದಲ್ಲಿ ಮುಡಿ ಮೆರವಣಿಗೆಯಲ್ಲಿ ಬರುತ್ತದೆ.

ಮುಡಿ ಕಟ್ಟುವುದನ್ನು ಒಮ್ಮೆಯಾದರೂ ನೋಡಿ. ಒಂದು ತುದಿ ಬಿಗಿದ ಹುಲ್ಲನ್ನು ಹೂವಿನ ಹಾಗೆ ಅಗಲಿಸುತ್ತಾರೆ. ನಡುವೆ ಅಕ್ಕಿ ಸುರಿಯುತ್ತಾರೆ. ಹುಲ್ಲನ್ನು ಮೇಲಕ್ಕೆತ್ತಿ ಒಟ್ಟುಮಾಡಿ, ಹುಲ್ಲಿನದೇ ಹಗ್ಗ ಸುತ್ತುತ್ತ, ಮರದ ತುಂಡಿನಿಂದ ಬಡಿಯುತ್ತ ದುಂಡಗೆ ಮಾಡುತ್ತಾರೆ. ಮುಗಿಯುವ ಹೊತ್ತಿಗೆ ಕಲ್ಲಿನ ಹಾಗೆ ಗಟ್ಟಿ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಕಟ್ಟುವ ಕ್ರಮ ಗೊತ್ತಿಲ್ಲದೆ ತೆಗೆದ ಫೋಟೋ ಸುಳ್ಳು ಹೇಳುತ್ತದೆ. ನಾನು ಕಷ್ಟಪಟ್ಟು ತೆಗೆದ ಒಂದು ಫೋಟೋವನ್ನು ಮುಡಿ ಕಟ್ಟಿದ ಅಜ್ಜಯ್ಯನಿಗೇ ತೋರಿಸಿದೆ. ಅವರು ಫೋನು ಹತ್ತಿರ ಹಿಡಿದು ನೋಡಿ, 'ಮುಡಿ ತಲಿಕೆಳ್ಗ್ ಇತ್ತಲೆ ಮಾರಾಯ' ಅಂದರು. ಚಂದ ಕಾಣಲಿ ಅಂತ ಗಂಟಿನ ಬದಿಯನ್ನು ಕೆಳಗೆ ಮಾಡಿದ್ದೆ. ಆ ಫೋಟೋ ಈಗಲೂ ಹಾರ್ಡ್ ಡಿಸ್ಕಿನಲ್ಲಿ ಇದೆ, ಅಲ್ಲೇ ಇರಲಿ.

ಹಂತ 2: ಯಾವುದನ್ನು ತೆಗೆಯುವುದು, ಹೇಗೆ ಒರೆಸುವುದು

ಕಟಾವು ಯಂತ್ರದಿಂದ ಬಂದ ಹುಲ್ಲು ಮುರಿದು ನುಗ್ಗಾಗಿರುತ್ತದೆ. ಕೈಯಲ್ಲಿ ಕೊಯ್ದು ಹಡಿಮಂಚಕ್ಕೆ (ಭತ್ತ ಬಡಿಯುವ ಮಂಚ) ಬಡಿದ ಹುಲ್ಲು ಉದ್ದಕ್ಕೆ, ನೇರವಾಗಿ ಉಳಿಯುತ್ತದೆ. ಮುಡಿಗೆ ಬೇಕಾಗುವುದು ಅದೇ, ಹೊಳೆಯುವುದೂ ಅದೇ. ಕೊಯ್ಲಾದ ಹೊಸತರಲ್ಲಿ ಹುಲ್ಲಿಗೆ ತುಸು ಹಸಿರು ಛಾಯೆ ಇರುತ್ತದೆ. ಚೆನ್ನಾಗಿ ಒಣಗಿದ ಮೇಲೆ ಹೊಂಬಣ್ಣ. ಅಡುಗೆಮನೆಯ ಹೊಗೆ ತಿಂದು ಅಟ್ಟದಲ್ಲಿ ಕೂತ ಹಳೆಯ ಮುಡಿ ಕಾಫಿ ಬಣ್ಣಕ್ಕೆ ತಿರುಗಿರುತ್ತದೆ. ಮೂರೂ ಬೇರೆ ಬೇರೆ ಚಿತ್ರಗಳು. ಒಂದೇ ಸರಣಿಯಲ್ಲಿ ಕಲಸಬೇಡಿ.

ದೂಳು ತೆಗೆಯಲು ಲೆನ್ಸ್ ಒರೆಸುವ ರಬ್ಬರ್ ಬ್ಲೋವರ್ ಮತ್ತು ಮೆತ್ತನೆಯ ಬಣ್ಣದ ಬ್ರಷ್ ಸಾಕು. ಎಳೆ ಹೋದ ದಿಕ್ಕಿನಲ್ಲೇ ಬ್ರಷ್ ಆಡಿಸಿ. ಒದ್ದೆ ಬಟ್ಟೆ ಬೇಡವೇ ಬೇಡ. ತಾಜಾ ಕಾಣಲಿ ಅಂತ ನೀರು ಚಿಮುಕಿಸುವವರನ್ನು ನೋಡಿದ್ದೇನೆ. ಹುಲ್ಲು ಕಪ್ಪಗಾಗುತ್ತದೆ, ನಾಲ್ಕು ದಿನ ಬಿಟ್ಟು ಬೂಷ್ಟು ಹಿಡಿಯುತ್ತದೆ. ಒಳಗಿರುವುದು ಯಾರದೋ ಮನೆಯ ಅಕ್ಕಿ ಅನ್ನುವುದು ನೆನಪಿರಲಿ.

ಆಚೀಚೆ ಎದ್ದ ಒಂದೆರಡು ಎಳೆಗಳನ್ನು ಕತ್ತರಿಸಬೇಡಿ. ಅವು ಇದ್ದರೇನೇ ಅದು ಕೈಕೆಲಸ.

ಹಂತ 3: ಬೆಳಕು

ಇಲ್ಲಿ ಜಾಸ್ತಿ ಹೊತ್ತು ನಿಲ್ಲೋಣ. ಪ್ರಿಂಟಿನ ಗತಿ ನಿರ್ಧಾರ ಆಗುವುದು ಇಲ್ಲೇ.

ರಾತ್ರಿ ಒಂದು ಸಣ್ಣ ಪ್ರಯೋಗ ಮಾಡಿ. ಒಂದು ತುಂಡು ಹುಲ್ಲಿನ ಹಗ್ಗವನ್ನು ಮೇಜಿನ ಮೇಲೆ ಇಡಿ. ದೀಪ ಆರಿಸಿ, ಟಾರ್ಚ್ ಹಿಡಿಯಿರಿ. ಮೊದಲು ತಲೆಯ ಮೇಲಿಂದ ನೇರವಾಗಿ ಬಿಡಿ. ಹಗ್ಗ ಚಪ್ಪಟೆ ಪಟ್ಟಿಯ ಹಾಗೆ ಕಾಣುತ್ತದೆ. ಈಗ ಟಾರ್ಚನ್ನು ಪಕ್ಕಕ್ಕೆ ತಂದು, ಮೇಜಿಗೆ ತಾಗುವಷ್ಟು ಕೆಳಗಿಳಿಸಿ, ಹಗ್ಗಕ್ಕೆ ಅಡ್ಡವಾಗಿ ಬಿಡಿ. ಪ್ರತಿ ಎಳೆಯ ಬೆನ್ನ ಮೇಲೆ ಒಂದು ಸಪೂರ ಬಿಳಿ ಗೆರೆ ಮೂಡುತ್ತದೆ, ಅದರ ಪಕ್ಕ ಒಂದು ಕಪ್ಪು ಗೆರೆ. ಹುರಿ ಯಾವ ಕಡೆ ಹೊಸೆದದ್ದು ಅನ್ನುವುದೂ ಕಾಣುತ್ತದೆ. ಟಾರ್ಚನ್ನು ಹಗ್ಗದ ಉದ್ದಕ್ಕೆ ತಿರುಗಿಸಿದರೆ ಆ ಗೆರೆಗಳು ಮಾಯ.

ಇಷ್ಟೇ ಗುಟ್ಟು. ಬೆಳಕು ಓರೆಯಾಗಿ, ಎಳೆಗೆ ಅಡ್ಡವಾಗಿ ಬರಬೇಕು. ಮುಡಿಯಲ್ಲಿ ಹಗ್ಗ ಸುತ್ತಿರುವುದು ಅಡ್ಡಕ್ಕೆ. ಹಗ್ಗದೊಳಗಿನ ಎಳೆಗಳು ಓರೆ. ಹಾಗಾಗಿ ಬೆಳಕು ಮೇಲಿನ ಎಡ ಅಥವಾ ಬಲ ಮೂಲೆಯಿಂದ ಬಂದರೆ ಎರಡೂ ಬಿಡಿಸಿಕೊಂಡು ಕಾಣುತ್ತವೆ. ಮುಡಿಯ ಮೈಗೆ 20 ಡಿಗ್ರಿಯಷ್ಟು ಓರೆಯಿಂದ ಶುರುಮಾಡಿ, ಅಲ್ಲಿಂದ ಸ್ವಲ್ಪ ಸ್ವಲ್ಪ ಸರಿಸಿ ನೋಡಿ.

ಇದಕ್ಕೆ ಸ್ಟುಡಿಯೋ ಬೇಕಂತಿಲ್ಲ. ಹಳೆ ಮನೆಯ ಜಗಲಿ ಸಾಕು. ಮಾಡು ಇಳಿದಿರುವುದರಿಂದ ಮೇಲಿನ ಬೆಳಕು ತಾನಾಗಿಯೇ ತಡೆಯುತ್ತದೆ, ಅಂಗಳದ ಕಡೆಯಿಂದ ಮಾತ್ರ ಬರುತ್ತದೆ. ಎದುರು ಬದಿಗೆ ಬಿಳಿ ಥರ್ಮಾಕೋಲ್ ಹಲಗೆ ಇಟ್ಟರೆ ನೆರಳು ಸ್ವಲ್ಪ ತೆಳುವಾಗುತ್ತದೆ. ನಾನು ಕೆಲವೊಮ್ಮೆ ಅದರ ಬದಲು ಕಪ್ಪು ಬಟ್ಟೆ ಕಟ್ಟುತ್ತೇನೆ. ನೆರಳು ಇನ್ನೂ ಗಾಢವಾಗಿ, ಮುಡಿಯ ಉರುಟು ಎದ್ದು ಬರುತ್ತದೆ. ಒಂದು ಎಚ್ಚರಿಕೆ: ಅಂಗಳದಲ್ಲಿ ಹಸಿರು ಗಿಡ ಇದ್ದರೆ, ಆ ಹಸಿರು ಹುಲ್ಲಿನ ಮೇಲೆ ಬೀಳುತ್ತದೆ. ನನ್ನ ಮೊದಲ ಪ್ರಿಂಟಿನ ನೆರಳಲ್ಲಿ ಇದ್ದ ಹಸಿರು ಲ್ಯಾಬಿನದ್ದಲ್ಲ, ನಮ್ಮನೆ ಕೆಸುವಿನ ಎಲೆಯದ್ದು!

ಬಿಸಿಲಲ್ಲೇ ತೆಗೆಯುವುದಾದರೆ ಕಾರ್ತಿ ಬೆಳೆ (ಮಳೆಗಾಲದ ಭತ್ತ) ಕೊಯ್ಲಾದ ಮೇಲೆ, ನವೆಂಬರ್-ಡಿಸೆಂಬರಿನ ಬೆಳಿಗ್ಗೆ ಎಂಟೂವರೆಯ ಒಳಗೆ ಮುಗಿಸಿ. ಎಲ್‌ಇಡಿ ದೀಪ ಬಳಸುವುದಾದರೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ) 95ಕ್ಕಿಂತ ಮೇಲಿರಲಿ. ಮನೆಯ ಸಾಮಾನ್ಯ ಟ್ಯೂಬ್‌ಲೈಟಿನಲ್ಲಿ ಹುಲ್ಲು ಕಾಯಿಲೆ ಬಿದ್ದವರ ಹಾಗೆ ಕಾಣುತ್ತದೆ. ಪೋಲರೈಸರ್ ಫಿಲ್ಟರ್ ಹಾಕಲೇಬೇಡಿ. ಅದರ ಕೆಲಸವೇ ಹೊಳಪು ತೆಗೆಯುವುದು, ನಾವು ಬಂದಿರುವುದು ಹೊಳಪಿಗಾಗಿ.

ಹಂತ 4: ಕ್ಯಾಮೆರಾದಲ್ಲಿ

ಟ್ರೈಪಾಡ್ ಕಡ್ಡಾಯ. ಐಎಸ್‌ಒ 100, ಎಫ್ 8 ಅಥವಾ ಎಫ್ 11, ಎರಡು ಸೆಕೆಂಡಿನ ಟೈಮರ್. ಎಫ್ 16 ದಾಟಿದರೆ, ಕಿರಿದಾದ ಕಿಂಡಿಯಲ್ಲಿ ಬೆಳಕು ಚದುರುವ ಡಿಫ್ರಾಕ್ಷನ್‌ನಿಂದ ಎಳೆಗಳು ಮತ್ತೆ ಮೆತ್ತಗಾಗುತ್ತವೆ. ಲೆನ್ಸ್ 90ರಿಂದ 105 ಎಂಎಂ ಮ್ಯಾಕ್ರೋ ಆದರೆ ಒಳ್ಳೆಯದು. ಇಲ್ಲದಿದ್ದರೆ 50 ಎಂಎಂ ಕೂಡ ಆಗುತ್ತದೆ. ರಾ ಫೈಲಿನಲ್ಲೇ (ಕ್ಯಾಮೆರಾ ತಿದ್ದದ ಮೂಲ ಫೈಲು) ತೆಗೆಯಿರಿ.

ತೀರಾ ಹತ್ತಿರದ ಚಿತ್ರಕ್ಕೆ ಒಂದೇ ಫೋಕಸ್ ಸಾಲುವುದಿಲ್ಲ. ಮುಂದಿನಿಂದ ಹಿಂದಕ್ಕೆ ಫೋಕಸ್ ಸರಿಸುತ್ತ 8-12 ಫ್ರೇಮ್ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದಾಗಿಸಿ. ಫ್ಯಾನ್ ಬಂದ್ ಮಾಡಿ. ಸೆಕೆ ಆಗುತ್ತದೆ, ತಡೆದುಕೊಳ್ಳಿ. ಒಂದು ಎಳೆ ಅಲ್ಲಾಡಿದರೂ ಕೊನೆಯಲ್ಲಿ ಎರಡೆರಡು ಕಾಣುತ್ತದೆ.

ಎರಡು ಕಡೆ ಎಲ್ಲರೂ ಎಡವುತ್ತಾರೆ. ಮೊದಲನೆಯದು ಆಟೋ ವೈಟ್ ಬ್ಯಾಲೆನ್ಸ್. ಚೌಕಟ್ಟಿನ ತುಂಬ ಹಳದಿ ಕಂಡರೆ ಕ್ಯಾಮೆರಾ ಅದನ್ನು ದೋಷ ಅಂದುಕೊಂಡು ನೀಲಿ ಸೇರಿಸುತ್ತದೆ. ಹುಲ್ಲು ಬೂದಿ ಬಣ್ಣಕ್ಕೆ ಬರುತ್ತದೆ. ಅದನ್ನು ಸರಿಮಾಡಲು ಹೋಗಿ ನಾವು ಹಳದಿ ಏರಿಸುತ್ತೇವೆ, ಅಲ್ಲಿಗೆ ನಿಂಬೆಹಣ್ಣು ತಯಾರು. ಅದೇ ಬೆಳಕಿನಲ್ಲಿ ಒಂದು ಗ್ರೇ ಕಾರ್ಡ್ (ಬಣ್ಣದ ಅಳತೆಗೆ ಇಡುವ ಬೂದು ಹಲಗೆ) ಇಟ್ಟು ಮೊದಲ ಫ್ರೇಮ್ ತೆಗೆದುಕೊಳ್ಳಿ, ಈ ತಲೆನೋವೇ ಇಲ್ಲ.

ಎರಡನೆಯದು ಕೆಂಪು ಚಾನೆಲ್. ಹೊಂಬಣ್ಣದ ಹುಲ್ಲಿನಲ್ಲಿ, ಅದೂ ಬೆಳಗಿನ ಬಿಸಿಲಲ್ಲಿ, ಕೆಂಪು ಎಲ್ಲಕ್ಕಿಂತ ಮೊದಲು ತುಂಬಿ ಚೆಲ್ಲುತ್ತದೆ. ಸಾಮಾನ್ಯ ಹಿಸ್ಟೋಗ್ರಾಂ (ಚಿತ್ರದ ಕತ್ತಲು-ಬೆಳಕಿನ ನಕ್ಷೆ) ನೋಡಿದರೆ ಎಲ್ಲ ಸರಿ ಇದೆ ಅನ್ನಿಸುತ್ತದೆ. ಮೂರು ಬಣ್ಣದ ಹಿಸ್ಟೋಗ್ರಾಂ ಹಾಕಿ ನೋಡಿ. ಕೆಂಪು ಬಲಗಡೆ ಗೋಡೆಗೆ ತಾಗಿದ್ದರೆ, ಎಳೆಯ ಬೆನ್ನ ಮೇಲಿನ ಸಪೂರ ಗೆರೆ ಸುಟ್ಟಿದೆ ಅಂತ ಅರ್ಥ. ಎಕ್ಸ್‌ಪೋಶರನ್ನು ಅರ್ಧ ಅಥವಾ ಮುಕ್ಕಾಲು ಸ್ಟಾಪ್ ಇಳಿಸಿ.

ಹಂತ 5: ಕಂಪ್ಯೂಟರಿನಲ್ಲಿ ಕೈ ಬಿಗಿ ಹಿಡಿಯಿರಿ

16 ಬಿಟ್‌ನಲ್ಲಿ ಕೆಲಸ ಮಾಡಿ, ಟಿಫ್ ಫೈಲಾಗಿ ಉಳಿಸಿ. ಸ್ಯಾಚುರೇಷನ್ ಮುಟ್ಟಬೇಡಿ. ಹುಲ್ಲು ಇನ್ನೂ ಹೊಳೆಯಬೇಕು ಅನ್ನಿಸಿದರೆ ಬಣ್ಣ ಏರಿಸುವ ಬದಲು, ಕರ್ವ್‌ನಲ್ಲಿ ನಡುವಿನ ಟೋನ್‌ಗಳನ್ನು ಸ್ವಲ್ಪ ಇಳಿಸಿ. ಸುತ್ತಲಿನದು ತಗ್ಗಿದರೆ ಮಿಂಚು ತಾನೇ ಮೇಲೆ ಬರುತ್ತದೆ. ನಾಯ್ಸ್ ತೆಗೆಯುವ ಹೊಸ ಹೊಸ ಎಐ ಬಟನ್‌ಗಳಿವೆಯಲ್ಲ, ಅವು ಹುಲ್ಲಿನ ಸಣ್ಣ ನಾರನ್ನೇ ನಾಯ್ಸ್ ಅಂದುಕೊಂಡು ಒರೆಸಿಬಿಡುತ್ತವೆ. ಪ್ಲಾಸ್ಟಿಕ್ ಹಗ್ಗದ ಹಾಗೆ ಕಾಣುತ್ತದೆ. ಶಾರ್ಪನಿಂಗ್ ಜಾಸ್ತಿ ಮಾಡಿದರೆ ತಂತಿಯ ಹಾಗೆ. ರೇಡಿಯಸ್ 0.5ರಿಂದ 0.8ರ ಒಳಗೆ ಇರಲಿ, 100 ಪರ್ಸೆಂಟ್ ಜೂಮ್ ಮಾಡಿ ನೋಡಿ.

ಮಾನಿಟರ್ ಕ್ಯಾಲಿಬ್ರೇಟ್ ಮಾಡಿಸದೆ ಮುಂದೆ ಹೋಗಬೇಡಿ. 'ಸ್ಕ್ರೀನಿನಲ್ಲಿ ಚೆನ್ನಾಗಿತ್ತು, ಪ್ರಿಂಟ್ ಕಪ್ಪಗೆ ಬಂತು' ಅನ್ನುವ ದೂರು ಕೇಳಿದ್ದೀರಲ್ಲ, ಅದಕ್ಕೆ ಹೆಚ್ಚಿನ ಸಲ ಕಾರಣ ಪ್ರಿಂಟರ್ ಅಲ್ಲ, ವಿಪರೀತ ಬೆಳಗುವ ಸ್ಕ್ರೀನು. ಹೊಳಪನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾದ ಒಳಗೆ ತನ್ನಿ. ಮೊದಮೊದಲು ಮಂಕು ಅನ್ನಿಸುತ್ತದೆ, ಎರಡು ದಿನದಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ.

ಅಳತೆಯ ಲೆಕ್ಕ ಸುಲಭ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 6000 ಗುಣಿಸು 4000 ಪಿಕ್ಸೆಲ್. 300 ಪಿಪಿಐಗೆ (ಇಂಚಿಗೆ 300 ಪಿಕ್ಸೆಲ್) 20 ಇಂಚು ಗುಣಿಸು 13 ಇಂಚು ಬರುತ್ತದೆ, ಎ3 ಧಾರಾಳ. ಎ2ಗೆ ಸುಮಾರು 240 ಪಿಪಿಐ ಸಿಗುತ್ತದೆ, ಅದೂ ನಡೆಯುತ್ತದೆ. ಅದಕ್ಕಿಂತ ದೊಡ್ಡದು ಬೇಕಾದರೆ ಮುಡಿಯನ್ನು ಎರಡು ಮೂರು ಭಾಗವಾಗಿ ತೆಗೆದು ಜೋಡಿಸಿ. ಬೇರೆ ಚಿತ್ರಗಳಲ್ಲಿ ಎಳೆದು ದೊಡ್ಡದು ಮಾಡಿದರೆ ಗೊತ್ತಾಗದೆ ಹೋಗಬಹುದು, ಹುಲ್ಲಿನಲ್ಲಿ ತಕ್ಷಣ ಗೊತ್ತಾಗುತ್ತದೆ. ನೋಡುವವರು ಎಳೆ ಹುಡುಕಿಕೊಂಡು ಹತ್ತಿರ ಬಂದೇ ಬರುತ್ತಾರೆ.

ಹಂತ 6: ಕಾಗದ

ಅಂಗಡಿಯವರು 'ಜಿಕ್ಲೇ ಪ್ರಿಂಟ್' ಅಂದರೆ ಗಾಬರಿ ಬೇಡ. ಇಂಕ್‌ಜೆಟ್ ಪ್ರಿಂಟ್‌ಗೆ 1991ರಲ್ಲಿ ಜಾಕ್ ಡುಗಾನ್ ಅನ್ನುವ ಅಮೆರಿಕದ ಮುದ್ರಕ ಫ್ರೆಂಚ್ ಪದದಿಂದ ಕಟ್ಟಿದ ಹೆಸರು ಅದು. ನೀವು ಕೇಳಬೇಕಾದ ಪ್ರಶ್ನೆ ಎರಡೇ. ಇಂಕು ಪಿಗ್ಮೆಂಟಾ (ಬಣ್ಣದ ಸಣ್ಣ ಪುಡಿಯದ್ದು), ಡೈಯಾ (ಕರಗಿದ ಬಣ್ಣದ್ದು)? ಕಾಗದ ಹತ್ತಿಯದ್ದಾ, ಆಸಿಡ್ ಇಲ್ಲದ್ದಾ? ಪಿಗ್ಮೆಂಟ್ ಮತ್ತು ಹತ್ತಿ ಅಂದರೆ ಮಾತ್ರ ಮುಂದಕ್ಕೆ ಹೋಗಿ.

ಹೊಳಪಿನ ಚಿತ್ರಕ್ಕೆ ಹೊಳೆಯುವ ಕಾಗದ ಬೇಕು ಅಂತ ನಾನೂ ಅಂದುಕೊಂಡಿದ್ದೆ. ಆಗುವುದು ಉಲ್ಟಾ. ಹೊಳೆಯುವ ಕಾಗದದ ಮೇಲೆ ಕಿಟಕಿ, ಟ್ಯೂಬ್‌ಲೈಟು, ನಿಮ್ಮ ಮುಖ ಎಲ್ಲ ಕಾಣುತ್ತದೆ. ಆ ಗದ್ದಲದಲ್ಲಿ ಹುಲ್ಲಿನ ಸಣ್ಣ ಮಿಂಚು ಕಳೆದುಹೋಗುತ್ತದೆ. ಚಿತ್ರದೊಳಗಿನ ಹೊಳಪು ಅಂದರೆ ಬಿಳಿ ಗೆರೆಯ ಪಕ್ಕದ ಕಪ್ಪು ಗೆರೆ, ಅಷ್ಟೇ. ಅದಕ್ಕೆ ಸುಮ್ಮನಿರುವ ಕಾಗದ ಬೇಕು. ಹಾನೆಮ್ಯೂಲೆ ಫೋಟೋ ರ್‍ಯಾಗ್ 308 ಜಿಎಸ್‌ಎಂ, ಕ್ಯಾನ್ಸನ್ ರ್‍ಯಾಗ್ ಫೋಟೋಗ್ರಾಫಿಕ್ 310 ಜಿಎಸ್‌ಎಂ, ಇಂಥ ನುಣುಪಾದ ಮ್ಯಾಟ್ ಹತ್ತಿ ಕಾಗದ ಹಗಲು ಬೆಳಕಿನ ಮುಡಿಗೆ ನನ್ನ ಮೊದಲ ಆಯ್ಕೆ. ಒರಟು ಮೈಯ ಜಲವರ್ಣ ಕಾಗದ ಬೇಡ, ಕಾಗದದ ಒರಟು ಹುಲ್ಲಿನ ನಾರಿನ ಜೊತೆ ಜಗಳ ಆಡುತ್ತದೆ.

ಒಂದು ಕಡೆ ಮಾತ್ರ ನಾನು ಬರೈಟಾ ಕಾಗದಕ್ಕೆ (ಬೇರಿಯಂ ಸಲ್ಫೇಟ್ ಲೇಪದ, ತುಸು ಹೊಳಪಿನ ಕಾಗದ) ಹೋಗುತ್ತೇನೆ. ಅಟ್ಟದ ಕತ್ತಲಲ್ಲಿ ಹೊಗೆ ಹಿಡಿದು ಕೂತ ಹಳೆ ಮುಡಿಗೆ. ಅಲ್ಲಿ ಚಿತ್ರದ ಅರ್ಧ ಕಪ್ಪೇ ಇರುತ್ತದೆ. ಮ್ಯಾಟ್ ಕಾಗದದ ಕಪ್ಪು ಇದ್ದಿಲಿನ ಹಾಗೆ ಬೂದು ಬೂದಾಗಿ ನಿಲ್ಲುತ್ತದೆ. ಬರೈಟಾದಲ್ಲಿ ಕತ್ತಲು ಕತ್ತಲಾಗಿಯೇ ಇರುತ್ತದೆ.

ಕಾಗದದ ಬಿಳುಪನ್ನೂ ನೋಡಿ. ಕಣ್ಣು ಕುಕ್ಕುವ ಬಿಳಿ ಕಾಗದಗಳಲ್ಲಿ ಆಪ್ಟಿಕಲ್ ಬ್ರೈಟನರ್ ಇರುತ್ತದೆ, ಬಟ್ಟೆಯ ನೀಲಿಯ ಹಾಗೆ. ಆ ತಣ್ಣನೆ ಬಿಳಿಯ ಪಕ್ಕ ಹುಲ್ಲು ಅತಿ ಹಳದಿ ಕಾಣುತ್ತದೆ. ವರ್ಷ ಕಳೆದ ಹಾಗೆ ಬ್ರೈಟನರ್ ಸೋಲುತ್ತದೆ, ಕಾಗದ ಹಳದಿಯಾಗುತ್ತದೆ, ಇಡೀ ಚಿತ್ರದ ಲೆಕ್ಕ ತಪ್ಪುತ್ತದೆ. ಅನ್ನದ ಗಂಜಿಯ ಬಣ್ಣದ, ಬ್ರೈಟನರ್ ಇಲ್ಲದ ಕಾಗದ ಮುಡಿಗೆ ಚೆನ್ನಾಗಿ ಒಗ್ಗುತ್ತದೆ.

ಹಂತ 7: ಪ್ರಿಂಟ್ ಹಾಕಿಸುವುದು

ಲ್ಯಾಬಿನಿಂದ ಆ ಕಾಗದದ ಐಸಿಸಿ ಪ್ರೊಫೈಲ್ (ಅವರ ಪ್ರಿಂಟರಿನಲ್ಲಿ ಆ ಕಾಗದದ ಮೇಲೆ ಬಣ್ಣ ಹೇಗೆ ಬರುತ್ತದೆ ಅಂತ ಹೇಳುವ ಫೈಲು) ಕೇಳಿ ಪಡೆಯಿರಿ. ಕೊಡುವುದಿಲ್ಲ ಅಂದರೆ ಬೇರೆ ಲ್ಯಾಬ್ ನೋಡಿ. ಆ ಪ್ರೊಫೈಲ್ ಹಾಕಿ ಸಾಫ್ಟ್ ಪ್ರೂಫ್ ಮಾಡಿದರೆ ಪ್ರಿಂಟ್ ಹೇಗೆ ಬರಬಹುದು ಅಂತ ಸ್ಕ್ರೀನಿನಲ್ಲೇ ಅಂದಾಜು ಸಿಗುತ್ತದೆ. ಪ್ರಿಂಟರಿಗೆ ಸಿಗದ ಬಣ್ಣಗಳನ್ನು ಹೊಂದಿಸುವ ಕ್ರಮದಲ್ಲಿ ರೆಲೆಟಿವ್ ಕಲರಿಮೆಟ್ರಿಕ್ ಆರಿಸಿ, ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಷನ್ ಆನ್ ಮಾಡಿ. ಹುಲ್ಲಿನ ಬಣ್ಣ ಸಾಮಾನ್ಯವಾಗಿ ಪ್ರಿಂಟರಿನ ಮಿತಿಯ ಒಳಗೇ ಇರುತ್ತದೆ, ಹಾಗಾಗಿ ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಕುಗ್ಗಿಸುವ ಪರ್ಸೆಪ್ಚುವಲ್ ಕ್ರಮ ಬೇಕಾಗುವುದು ಕಡಿಮೆ.

ಆಮೇಲೆ ಪೂರ್ತಿ ಪ್ರಿಂಟ್‌ಗೆ ದುಡ್ಡು ಹಾಕುವ ಮೊದಲು ಪರೀಕ್ಷೆಯ ಪಟ್ಟಿ ಹಾಕಿಸಿ. ಚಿತ್ರವನ್ನು ಕುಗ್ಗಿಸಿ ಅಲ್ಲ. ಪೂರ್ತಿ ಅಳತೆಯ ಚಿತ್ರದಿಂದ ಕೈಯಗಲದ ಎರಡು ತುಂಡು ಕತ್ತರಿಸಿ: ಒಂದು ಅತಿ ಹೊಳೆಯುವ ಜಾಗ, ಇನ್ನೊಂದು ಗಂಟಿನ ಒಳಗಿನ ನೆರಳು. ಪಟ್ಟಿಯನ್ನು ಒಂದು ದಿನ ಒಣಗಲು ಬಿಡಿ. ಪ್ರಿಂಟ್ ತೂಗಲಿರುವ ಗೋಡೆಯ ಬೆಳಕಿನಲ್ಲಿ ಹಿಡಿದು, ಪಕ್ಕದಲ್ಲಿ ನಿಜವಾದ ಒಂದು ಹಿಡಿ ಹುಲ್ಲು ಇಟ್ಟು ನೋಡಿ. ನನ್ನ ಕಲರ್ ಚಾರ್ಟ್ ಅದೇ. ನಾನು ಈಗಲೂ ಪ್ರಿಂಟ್ ಹಾಕಿಸಲು ಹೋಗುವಾಗ ಚೀಲದಲ್ಲಿ ಒಂದು ಹಿಡಿ ಹುಲ್ಲು ಇಟ್ಟುಕೊಂಡೇ ಹೋಗುತ್ತೇನೆ. ಬಸ್ಸಿನಲ್ಲಿ ಒಬ್ಬರು ದನ ಎಷ್ಟು ಉಂಟು ಅಂತ ಕೇಳಿದ್ದರು.

ಹಂತ 8: ಫ್ರೇಮ್, ಮತ್ತು ನಮ್ಮ ಮಳೆಗಾಲ

ಪ್ರಿಂಟ್ ಬಂದ ಮೇಲೆ 24 ಗಂಟೆಯಾದರೂ ತೆರೆದಿಡಿ. ಇಂಕಿನ ಆವಿ ಹೋಗದೆ ಗಾಜು ಮುಚ್ಚಿದರೆ ಒಳಗಿಂದ ಮಂಜು ಕಟ್ಟುತ್ತದೆ. ಗಾಜು ಪ್ರಿಂಟಿಗೆ ತಾಗಲೇಬಾರದು. ನಡುವೆ ದಪ್ಪದ ಮೌಂಟ್ ಬೋರ್ಡ್ ಇರಲಿ. ಇದನ್ನು ನಾನು ಕಲಿತದ್ದು ಒಂದು ಜುಲೈನಲ್ಲಿ. ಗಾಜಿಗೆ ಅಂಟಿದ ಪ್ರಿಂಟನ್ನು ಬಿಡಿಸಲು ಹೋದೆ, ಮುಡಿಯ ಅರ್ಧ ಗಾಜಿನಲ್ಲೇ ಉಳಿಯಿತು.

ಹಿಂದೆ ಹಾಕುವ ರಟ್ಟು ಆಸಿಡ್ ಇಲ್ಲದ್ದಾಗಿರಬೇಕು. ಅಂಗಡಿಯವರು ಮಿಠಾಯಿ ಡಬ್ಬದ ರಟ್ಟು ಹಾಕಲು ನೋಡುತ್ತಾರೆ, ಬಿಡಬೇಡಿ. ಪ್ರಿಂಟನ್ನು ಪೂರ್ತಿ ಅಂಟಿಸಬಾರದು. ಮೇಲಿನ ಅಂಚಿನಲ್ಲಿ ಎರಡು ಕಡೆ ಜಪಾನಿ ಟಿಶ್ಯೂ ಕಾಗದದ ತುಂಡುಗಳಿಂದ ನೇತುಹಾಕಿದರೆ ಸಾಕು, ಕಾಗದ ಹಿಗ್ಗಲು ಕುಗ್ಗಲು ಜಾಗ ಸಿಗುತ್ತದೆ. ಅದಕ್ಕೆ ಬಳಸುವ ಅಂಟು ಗೋಧಿಯ ಗಂಜಿ. ಗಂಜಿ ಅಂದರೆ ಬೆಳ್ಳಿಹುಳಕ್ಕೂ ಇಷ್ಟ, ಹಾಗಾಗಿ ಫ್ರೇಮಿನ ಹಿಂಬದಿಯನ್ನು ಟೇಪ್ ಹಾಕಿ ಸಂದಿಲ್ಲದಂತೆ ಮುಚ್ಚಿ. ಕೆಳಗಿನ ಎರಡು ಮೂಲೆಗೆ ಕಾರ್ಕಿನ ಬಿಲ್ಲೆ ಅಂಟಿಸಿ. ಕೆಂಪುಕಲ್ಲಿನ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ, ಫ್ರೇಮಿಗೂ ಗೋಡೆಗೂ ನಡುವೆ ಗಾಳಿ ಆಡಬೇಕು. ಹೊರಗೋಡೆಗಿಂತ ಒಳಗೋಡೆ ಎಷ್ಟೋ ವಾಸಿ.

ಹಂತ 9: ಸಂಖ್ಯೆ, ಸಹಿ, ಹೆಸರು

ಎಷ್ಟು ಪ್ರತಿ ಅಂತ ಮೊದಲೇ ತೀರ್ಮಾನ ಮಾಡಿ. 15 ಅಂದರೆ 15. ಚಿತ್ರದ ಕೆಳಗಿನ ಖಾಲಿ ಅಂಚಿನಲ್ಲಿ ಪೆನ್ಸಿಲಿನಿಂದ ಎಡಕ್ಕೆ 3/15 ಅಂತ ಸಂಖ್ಯೆ, ಬಲಕ್ಕೆ ಸಹಿ ಮತ್ತು ವರ್ಷ. ಬಾಲ್ ಪೆನ್ ಬೇಡ. ಪ್ರಮಾಣಪತ್ರದಲ್ಲಿ ಕಾಗದ, ಇಂಕು, ಅಳತೆ, ಪ್ರಿಂಟ್ ಹಾಕಿದ ತಿಂಗಳು ಇರಲಿ.

ಮುಡಿ ಕಟ್ಟಿದವರ ಹೆಸರೂ ಇರಬೇಕು, ಅವರು ಒಪ್ಪಿದರೆ. ಚಿತ್ರ ತೆಗೆಯುವಾಗಲೇ ಕೇಳಿ: ಇದನ್ನು ಮಾರುತ್ತೇನೆ, ನಿಮ್ಮ ಹೆಸರು ಹಾಕಲಾ, ನಿಮಗೆಷ್ಟು ಕೊಡಲಿ? ನಾನು ಮಾರಿದ ಪ್ರತಿ ಪ್ರಿಂಟಿನಲ್ಲಿ ಹತ್ತರಲ್ಲಿ ಒಂದು ಪಾಲು ಅವರಿಗೆ ಕೊಡುತ್ತೇನೆ. ಕಡಿಮೆ ಅಂತ ನಿಮಗೆ ಅನ್ನಿಸಿದರೆ ಜಾಸ್ತಿ ಕೊಡಿ, ಬೇಡ ಅನ್ನುವವರು ಯಾರೂ ಇಲ್ಲ. ಅಜ್ಜಯ್ಯ ಹಣ ತೆಗೆದುಕೊಂಡರು, ಪ್ರಿಂಟ್ ಬೇಡ ಅಂದರು. ಮನೆಯಲ್ಲಿ ಮುಡಿಯೇ ಇರುವಾಗ ಅದರ ಫೋಟೋ ಯಾಕೆ ಅಂತ.

ಮಾರಿದ ಮೇಲೂ ಒಂದು ಕೆಲಸ ಬಾಕಿ. ಪ್ರಿಂಟ್ ಕರಾವಳಿಯ ಮನೆಗೆ ಹೋಗುತ್ತಿದ್ದರೆ ಕೊಂಡವರಿಗೆ ಒಂದು ಚೀಟಿ ಕೊಡಿ: ನವರಾತ್ರಿಗೆ ಮನೆ ದೂಳು ಹೊಡೆಯುವಾಗ ಫ್ರೇಮ್ ಇಳಿಸಿ, ಹಿಂದಿನ ಟೇಪ್ ಎದ್ದಿದೆಯಾ ನೋಡಿ, ಗಾಜಿನ ಒಳಗೆ ಬಿಳಿ ಚುಕ್ಕೆ ಕಂಡರೆ ಒರೆಸಲು ಹೋಗದೆ ಫೋನ್ ಮಾಡಿ.